ಹಾಡಾಗಿ ಬಂದ ಚಳವಳಿ: ನಮ್ಮ ಶಾಲೆಯ ಕಾಲದ ಒಂದು ಚರಿತ್ರೆ

ಸುವರ್ಣ ಮಹೋತ್ಸವದ ಸಂಚಿಕೆ ಎಂದ ಮೇಲೆ ಶಾಲೆಗೆ ಜಾಗ ಕೊಟ್ಟ ದಾನಿಗಳು, ಮೊದಲ ಮುಖ್ಯೋಪಾಧ್ಯಾಯರು, ಹೆಂಚಿನ ಕೊಠಡಿ ಹೋಗಿ ಆರ್‌ಸಿಸಿ ಕಟ್ಟಡ ಬಂದ ಬಗೆ, ಎಸ್‌ಎಸ್‌ಎಲ್‌ಸಿಯಲ್ಲಿ ಊರಿಗೆ ಹೆಸರು ತಂದವರು, ಇವೆಲ್ಲ ಬರಲೇಬೇಕು. ಅವನ್ನು ನನಗಿಂತ ಚೆನ್ನಾಗಿ ಬಲ್ಲ ಹಿರಿಯರು ಈ ಸಂಚಿಕೆಯಲ್ಲೇ ಬರೆದಿದ್ದಾರೆ. ಇದೇ ಶಾಲೆಗೆ 1978ರಲ್ಲಿ 8ನೇ ತರಗತಿಗೆ ಸೇರಿ, ಮುಂದೆ ಬೇರೆ ಬೇರೆ ಊರುಗಳ ಸರ್ಕಾರಿ ಪ್ರೌಢಶಾಲೆಗಳಲ್ಲಿ ಸಮಾಜ ವಿಜ್ಞಾನ ಪಾಠ ಮಾಡಿ ನಿವೃತ್ತನಾದ ನನಗೆ ಸಂಪಾದಕ ಮಂಡಳಿಯವರು ಒಂದು ಚರಿತ್ರೆಯ ಲೇಖನ ಕೇಳಿದ್ದಾರೆ. ನಾನು ಆರಿಸಿಕೊಂಡಿರುವುದು ಶಾಲೆಯ ಕಾಂಪೌಂಡಿನ ಹೊರಗೆ ನಡೆದ ಒಂದು ಪಾಠವನ್ನು. ಅದು ಹಾಡಿನ ಪಾಠ. ಜನರ ಮುಂದೆ ನಿಂತು, ತಮಟೆ ಬಡಿದು, ಅನ್ಯಾಯವನ್ನು ಅನ್ಯಾಯವೆಂದು ಹಾಡಿ ಹೇಳಿದವರ ಚರಿತ್ರೆ.

ಇದನ್ನೇ ಏಕೆ ಆರಿಸಿಕೊಂಡೆ ಎಂದರೆ, ನಮ್ಮ ಶಾಲೆಯ ವಯಸ್ಸೂ ಕರ್ನಾಟಕದ ಚಳವಳಿಯ ಹಾಡುಗಳ ವಯಸ್ಸೂ ಹೆಚ್ಚುಕಡಿಮೆ ಒಂದೇ. 1973ರ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕವಾಯಿತು. ಅದರ ಹಿಂದುಮುಂದಿನ ವರ್ಷಗಳಲ್ಲಿ ಹಳ್ಳಿಗಳಲ್ಲಿ ಪ್ರೌಢಶಾಲೆಗಳು ತೆರೆದವು. ಮನೆತನದಲ್ಲೇ ಮೊದಲ ಬಾರಿಗೆ ಸ್ಲೇಟು ಹಿಡಿದ ಮಕ್ಕಳು ಬೆಂಚಿನ ಮೇಲೆ ಕುಳಿತರು. ಅದೇ ಹೊತ್ತಿಗೆ ಅವರ ಅಣ್ಣಂದಿರು ಬೀದಿಯಲ್ಲಿ ನಿಂತು ಹಾಡತೊಡಗಿದರು. ಒಂದನ್ನು ಬಿಟ್ಟು ಇನ್ನೊಂದರ ಚರಿತ್ರೆ ಹೇಳಿದರೆ ಅರ್ಧ ಹೇಳಿದಂತೆ.

ಆದರೆ ಹಾಡಿ ಪ್ರತಿಭಟಿಸುವುದು ಆ ಕಾಲದಲ್ಲಿ ಹೊಸದಾಗಿ ಹುಟ್ಟಿದ್ದೇನೂ ಅಲ್ಲ. ನಮ್ಮ ಮಕ್ಕಳು 10ನೇ ತರಗತಿಯ ಕನ್ನಡದಲ್ಲಿ ಹಲಗಲಿ ಬೇಡರ ಲಾವಣಿ ಓದಿದ್ದಾರೆ. 1857ರಲ್ಲಿ ಬ್ರಿಟಿಷ್ ಸರ್ಕಾರ ಜನರ ಕೈಯಲ್ಲಿದ್ದ ಆಯುಧಗಳನ್ನು ಕಿತ್ತುಕೊಳ್ಳಲು ಕಾಯಿದೆ ತಂದಾಗ ಮುಧೋಳ ಸೀಮೆಯ ಹಲಗಲಿಯ ಬೇಡರು ಒಪ್ಪಲಿಲ್ಲ. ದಂಡು ಬಂತು, ಊರಿಗೆ ಬೆಂಕಿ ಬಿತ್ತು, ಹಿಡಿದವರನ್ನು ಗಲ್ಲಿಗೇರಿಸಿದರು. ಪೂಜೇರಿ ಹನುಮ, ಬಾಲ, ಜಡಗ, ರಾಮ ಎಂಬ ಹೆಸರುಗಳು ಇವತ್ತು ನಮ್ಮ ಮಕ್ಕಳ ಬಾಯಲ್ಲಿದ್ದರೆ ಅದಕ್ಕೆ ಕಾರಣ ಲಾವಣಿಕಾರರು. 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನನ್ನು ಬದುಕಿಸಿಟ್ಟವರೂ ಅವರೇ. ಇಂಥ ಲಾವಣಿಗಳನ್ನು 1880ರ ದಶಕದಲ್ಲಿ ಸಂಗ್ರಹಿಸಿ ಅಚ್ಚು ಹಾಕಿಸಿದವನು ಜೆ.ಎಫ್. ಫ್ಲೀಟ್ ಎಂಬ ಬ್ರಿಟಿಷ್ ಅಧಿಕಾರಿ. ಸರ್ಕಾರ ಯಾರನ್ನು ದಂಗೆಕೋರರೆಂದು ಕರೆಯಿತೋ ಅವರ ಹಾಡನ್ನು ಆ ಸರ್ಕಾರದ ಅಧಿಕಾರಿಯೇ ಬರೆದಿಡಬೇಕಾಯಿತು. ಹಾಡಿನ ಬಲ ಅಷ್ಟಿತ್ತು.

ಮುಂದೆ ಸ್ವಾತಂತ್ರ್ಯ ಚಳವಳಿಯ ಕಾಲಕ್ಕೆ ಬೆಳಗಾವಿ, ಧಾರವಾಡ, ವಿಜಾಪುರ ಸೀಮೆಯ ಗೀಗೀ ಮೇಳಗಳು ಖಾದಿ, ಚರಕ, ಗಾಂಧಿಯ ವಿಷಯಗಳನ್ನು ಹಾಡಿಗೆ ತಂದವು. ಮುಂದೆ ನಿಂತವನ ಕೈಯಲ್ಲಿ ದಪ್ಪು, ಹಿಂದಿನವರ ಕೈಯಲ್ಲಿ ತುಂತುಣಿ ಮತ್ತು ತಾಳ. ಮುಮ್ಮೇಳದವನು ಕಥೆ ಹೇಳುತ್ತಾನೆ, ಹಿಮ್ಮೇಳದವರು ಸೊಲ್ಲು ಹಿಡಿದು ಎತ್ತುತ್ತಾರೆ. ಪತ್ರಿಕೆ ಓದಲು ಬಾರದವರಿಗೆ ಅದೇ ಪತ್ರಿಕೆ. 1924ರ ಡಿಸೆಂಬರಿನಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿ ಕಾಂಗ್ರೆಸ್ ಅಧಿವೇಶನ ನಡೆದಾಗ ಹುಯಿಲಗೋಳ ನಾರಾಯಣರಾಯರ ನಾಡಗೀತೆ ಮೊಳಗಿತು. ಆ ಅಧಿವೇಶನದಲ್ಲಿ ಸ್ವಾಗತ ಗೀತೆ ಹಾಡಿದ ಹುಡುಗಿಯರಲ್ಲಿ ಮುಂದೆ ಹೆಸರಾಂತ ಗಾಯಕಿಯಾದ ಗಂಗೂಬಾಯಿ ಹಾನಗಲ್ ಕೂಡ ಒಬ್ಬರು. ಐದು ಆಡಳಿತಗಳಲ್ಲಿ ಹಂಚಿಹೋಗಿದ್ದ ಕನ್ನಡಿಗರು ಒಂದು ರಾಜ್ಯವಾಗಲು 1956ರ ತನಕ ಕಾಯಬೇಕಾಯಿತು. ರಾಜ್ಯ ಬರುವ ಮೊದಲೇ, 32 ವರ್ಷ ಮುಂಚೆ, ಹಾಡು ಬಂದಿತ್ತು.

ಈಗ ನಮ್ಮ ಶಾಲೆಯ ಕಾಲಕ್ಕೆ ಬರೋಣ.

1973ರ ನವೆಂಬರಿನಲ್ಲಿ ಮೈಸೂರಿನ ಸಭೆಯೊಂದರಲ್ಲಿ ದೇವರಾಜ ಅರಸರ ಸಂಪುಟದ ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂಬ ಅರ್ಥದ ಮಾತಾಡಿದರು. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ರಾಜ್ಯದಲ್ಲಿ ನಿಲ್ಲಿಸಲು ಮುಂದಾದ ಸಚಿವರು ಅವರೇ. ನಮ್ಮ ನೋವು ಈ ಪುಸ್ತಕಗಳಲ್ಲಿ ಎಲ್ಲಿದೆ ಎಂಬುದು ಅವರ ಮಾತಿನ ಹಿಂದಿದ್ದ ಪ್ರಶ್ನೆ. ರಾಜ್ಯದಲ್ಲಿ ಗಲಾಟೆಯಾಯಿತು. ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು. ಬಸವಲಿಂಗಪ್ಪನವರು ರಾಜೀನಾಮೆ ಕೊಟ್ಟರು. ಆದರೆ ಪ್ರಶ್ನೆ ರಾಜೀನಾಮೆ ಕೊಡಲಿಲ್ಲ. ಪೆಟ್ಟು ತಿಂದ ಹುಡುಗರು ಹಾಸ್ಟೆಲುಗಳಲ್ಲಿ ಕೂತು ಓದಿದರು, ಚರ್ಚಿಸಿದರು, ಬರೆದರು. ಭದ್ರಾವತಿಯಲ್ಲಿ ಅಧ್ಯಾಪಕರಾಗಿದ್ದ ಪ್ರೊ. ಬಿ. ಕೃಷ್ಣಪ್ಪನವರ ಮುಂದಾಳತ್ವದಲ್ಲಿ ದಲಿತ ಸಂಘರ್ಷ ಸಮಿತಿ ಬೆಳೆಯಿತು. 1975ರಲ್ಲಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಪ್ರಕಟವಾಯಿತು.

ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ ಹುಟ್ಟಿದ ಸಿದ್ಧಲಿಂಗಯ್ಯನವರಿಗೆ ಆಗ ಇನ್ನೂ 21 ವರ್ಷ. ಅದು ತೆಳುವಾದ ಪುಸ್ತಕ. ಅದನ್ನು ಕೊಂಡು ಓದಿದವರಿಗಿಂತ ಕಿವಿಯಿಂದ ಕೇಳಿ ಕಲಿತವರೇ ಬಹಳ ಮಂದಿ. ಅವರ ಪದಗಳು ಸಭೆಯಿಂದ ಸಭೆಗೆ, ಹಾಸ್ಟೆಲಿನಿಂದ ಕೇರಿಗೆ, ಕೇರಿಯಿಂದ ಮೆರವಣಿಗೆಗೆ ನಡೆದವು. ಬರೆದವರು ಯಾರೆಂದು ತಿಳಿಯದೆಯೇ ಹಾಡಿದವರು ಎಷ್ಟೋ ಜನ. ಕವಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಬೇರೆ ಇದೆಯೆಂದು ನನಗನ್ನಿಸುವುದಿಲ್ಲ. 2015ರಲ್ಲಿ ಶ್ರವಣಬೆಳಗೊಳದ 81ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರಾದರು. ಬೂಸಾ ಗಲಾಟೆಯಿಂದ ಆ ಪೀಠಕ್ಕೆ ಬರಲು 42 ವರ್ಷ ಹಿಡಿಯಿತು. 2021ರಲ್ಲಿ ಕೊರೊನಾ ಅವರನ್ನು ಕೊಂಡೊಯ್ಯಿತು.

ಈ ಹಾಡುಗಳ ಜೊತೆಗೆ ಇನ್ನೊಂದು ದೊಡ್ಡ ಬದಲಾವಣೆ ಆಯಿತು. ಅದು ತಮಟೆಯದು. ನಾನು ಈ ಶಾಲೆಗೆ ಬರುತ್ತಿದ್ದ ಕಾಲದಲ್ಲಿ ನಮ್ಮೂರಲ್ಲಿ ತಮಟೆ ಎಂದರೆ ಒಂದು ಕೇರಿಯವರ ತಲೆಗೆ ಕಟ್ಟಿದ ಕೆಲಸ. ಹೆಣದ ಮುಂದೆ ಬಾರಿಸಬೇಕು, ಜಾತ್ರೆಯಲ್ಲಿ ದೇವರ ಮುಂದೆ ದೂರದಲ್ಲಿ ನಿಂತು ಬಾರಿಸಬೇಕು, ಪಂಚಾಯ್ತಿಯ ಸುದ್ದಿಯನ್ನು ಬೀದಿ ಬೀದಿಯಲ್ಲಿ ಸಾರಬೇಕು. ಕೂಲಿ ಎಂದರೆ ಒಂದಿಷ್ಟು ರಾಗಿ, ಮಿಕ್ಕ ಅನ್ನ. ಬಾರಿಸುವುದಿಲ್ಲ ಎನ್ನುವ ಹಕ್ಕಿರಲಿಲ್ಲ. ಚಳವಳಿಯ ಹುಡುಗರು ಅದೇ ತಮಟೆಯನ್ನು ಕೊರಳಿಗೆ ಹಾಕಿಕೊಂಡು ಮೆರವಣಿಗೆಯ ಮುಂದೆ ನಿಂತರು. ಚರ್ಮ ಅದೇ, ಕಡ್ಡಿ ಅದೇ, ಬೆಂಕಿಗೆ ಹಿಡಿದು ಕಾಯಿಸುವ ಬಗೆಯೂ ಅದೇ. ಆದರೆ ಯಾರದೋ ಅಪ್ಪಣೆಗೆ ಬಾರಿಸುವುದು ಬೇರೆ, ತಮ್ಮ ಮಾತಿಗೆ ತಾವೇ ಬಾರಿಸುವುದು ಬೇರೆ. ಊರ ಮುಂದಿನ ರಸ್ತೆಯಲ್ಲಿ ಆ ಸದ್ದು ಕೇಳಿದಾಗ ಈ ವ್ಯತ್ಯಾಸ ಎಲ್ಲರಿಗೂ ತಿಳಿಯುತ್ತಿತ್ತು, ಇಷ್ಟವಿದ್ದವರಿಗೂ ಇಲ್ಲದವರಿಗೂ.

ಭಾಷಣ ಇರಲು ಹಾಡೇ ಏಕೆ ಬೇಕಾಯಿತು? ತರಗತಿಯಲ್ಲಿ ಮಕ್ಕಳು ಈ ಪ್ರಶ್ನೆ ಕೇಳಿದಾಗ ನಾನು ಕೊಡುತ್ತಿದ್ದ ಉತ್ತರವನ್ನೇ ಇಲ್ಲೂ ಕೊಡುತ್ತೇನೆ. 1974ರ ಭೂ ಸುಧಾರಣಾ ಕಾಯಿದೆ ಉಳುವವನಿಗೆ ಭೂಮಿ ಎಂದಿತು. 1976ರ ಕಾಯಿದೆ ಜೀತ ಪದ್ಧತಿ ರದ್ದು ಎಂದಿತು. ಕಾಯಿದೆ ಪುಸ್ತಕದಲ್ಲಿತ್ತು. ಆದರೆ ಭೂ ನ್ಯಾಯಮಂಡಳಿಯ ಮುಂದೆ ಒಡೆಯರ ಎದುರಿಗೆ ನಿಂತು "ಈ ಹೊಲ ಉಳುತ್ತಿರುವವನು ನಾನು" ಎಂದು ಬಾಯಿಬಿಟ್ಟು ಹೇಳಬೇಕಿತ್ತು. ಅಲ್ಲಿಯವರೆಗೆ ಆ ಒಡೆಯರ ಮುಂದೆ ಹೆಗಲ ಮೇಲಿನ ಟವಲನ್ನು ಕಂಕುಳಲ್ಲಿ ಇಟ್ಟುಕೊಂಡು ನಿಂತವನು ಒಂದೇ ದಿನಕ್ಕೆ ಅದನ್ನು ಹೇಗೆ ಹೇಳಿಯಾನು? ಒಬ್ಬನೇ ಹೇಳಲಾರದ ಮಾತನ್ನು 50 ಜನ ಸೇರಿ ಹಾಡಬಹುದು. ಹಾಡಿದವರಲ್ಲಿ ಇವನನ್ನೇ ಎಂದು ಬೆರಳು ತೋರಿಸಲು ಬರುವುದಿಲ್ಲ. ಹತ್ತು ಸಲ ಗುಂಪಿನಲ್ಲಿ ಹಾಡಿದ ಮಾತು ಹನ್ನೊಂದನೇ ಸಲ ಒಂಟಿಯಾಗಿಯೂ ಬಾಯಿಗೆ ಬರುತ್ತದೆ. ಚಳವಳಿಯ ಹಾಡು ಮಾಡಿದ ಮುಖ್ಯ ಕೆಲಸ ಇದು ಎಂಬುದು ನನ್ನ ತಿಳಿವಳಿಕೆ. ಅದು ಕೇಳುವವನನ್ನು ಹಾಡುವವನನ್ನಾಗಿ ಮಾಡಿತು.

ಹಾಡು ಕಟ್ಟಿದವರಿಗೆ ಇದರ ಮರ್ಮ ಗೊತ್ತಿತ್ತು. ಸಾಲು ಚಿಕ್ಕದು. ಧಾಟಿ ಹೊಸದಲ್ಲ, ಬೀಸುವ ಪದದ್ದೋ ಕೋಲಾಟದ್ದೋ ಭಜನೆಯದೋ ಆಗಿರುತ್ತಿತ್ತು. ನಮ್ಮದು ಗಡಿ ಸೀಮೆಯಾದ್ದರಿಂದ ತೆಲುಗಿನ ಬುರ್ರಕಥೆಯ ಧಾಟಿಯೂ ಕಿವಿಗೆ ಪರಿಚಿತವೇ. ಮುಂದಿನವನು ಒಂದು ಸೊಲ್ಲು ಹೇಳುತ್ತಾನೆ, ಜನ ಅದನ್ನೇ ಹೇಳುತ್ತಾರೆ. ಎರಡನೇ ಸುತ್ತಿಗೆ ಅವನು ಅರ್ಧ ಸೊಲ್ಲು ಹೇಳಿ ನಿಲ್ಲಿಸುತ್ತಾನೆ, ಉಳಿದರ್ಧ ಜನರೇ ತುಂಬುತ್ತಾರೆ. ಊರು ಬದಲಾದಂತೆ ಕೆರೆಯ ಹೆಸರು, ಕೂಲಿಯ ದರ, ಬೆಲೆಯ ಲೆಕ್ಕ ಬದಲಾಗುತ್ತದೆ. ಅಕ್ಷರ ಬೇಡ, ಮೈಕು ಬೇಡ, ಕಾಸು ಬೇಡ.

1975ರಲ್ಲಿ ಬೆಂಗಳೂರಿನಲ್ಲಿ ಶುರುವಾದ 'ಸಮುದಾಯ' ತಂಡದವರು ಈ ಮರ್ಮವನ್ನು ನಾಟಕಕ್ಕೂ ತಂದರು. 1979ರಲ್ಲಿ ಅವರು ಹಳ್ಳಿಗಳ ಕಡೆಗೆ ಜಾಥಾ ಹೊರಟರು. ಪರದೆಯಿಲ್ಲ, ಬಣ್ಣವಿಲ್ಲ, ಟಿಕೆಟ್ ಇಲ್ಲ. ಬಸ್ ನಿಲ್ದಾಣ, ಸಂತೆ ಮೈದಾನ, ಶಾಲೆಯ ಅಂಗಳವೇ ರಂಗ. ಬಿಹಾರದ ಬೆಲ್ಚಿಯಲ್ಲಿ 1977ರಲ್ಲಿ ನಡೆದ ದಲಿತರ ಹತ್ಯೆಯನ್ನು ಕುರಿತ 'ಬೆಲ್ಚಿ' ಬೀದಿ ನಾಟಕ ಸಿ.ಜಿ. ಕೃಷ್ಣಸ್ವಾಮಿಯವರ ಕೈಯಲ್ಲಿ ಕನ್ನಡದ ಊರೂರು ಸುತ್ತಿತು. ದೂರದ ಬಿಹಾರದ ಕಥೆ ನೋಡಿದವರು ತಮ್ಮೂರನ್ನೇ ಅದರಲ್ಲಿ ಕಂಡರು.

1980ರಲ್ಲಿ ರೈತರ ಸರದಿ. ಮಲಪ್ರಭಾ ಅಚ್ಚುಕಟ್ಟಿನ ನರಗುಂದ, ನವಲಗುಂದಗಳಲ್ಲಿ ನೀರಿನ ಕರ ಮತ್ತು ಅಭಿವೃದ್ಧಿ ಕರದ ವಿರುದ್ಧ ರೈತರು ಎದ್ದರು. ಜುಲೈ 21ರಂದು ಗೋಲಿಬಾರ್ ಆಗಿ ರೈತರು ಸತ್ತರು. ಅದೇ ವರ್ಷ ಕರ್ನಾಟಕ ರಾಜ್ಯ ರೈತ ಸಂಘ ಕಟ್ಟಿಕೊಂಡಿತು. ಎಚ್.ಎಸ್. ರುದ್ರಪ್ಪ, ಪ್ರೊ. ಎಂ.ಡಿ. ನಂಜುಂಡಸ್ವಾಮಿ, ಎನ್.ಡಿ. ಸುಂದರೇಶ್ ಮುಂತಾದವರು ಮುಂದೆ ನಿಂತರು. ಹಸಿರು ಶಾಲು ಹೆಗಲಿಗೇರಿತು. ಹಸಿರು ಶಾಲಿನ ಸಭೆಯೂ, ನೀಲಿ ಬಾವುಟದ ಸಭೆಯೂ, ಕೆಂಪು ಬಾವುಟದ ಸಭೆಯೂ ಹಾಡಿನಿಂದಲೇ ಶುರುವಾಗುವ ಪದ್ಧತಿ ಬಂತು. ಈ ಮೂವರಿಗೂ ಜಗಳವಿದ್ದ ಕಡೆ ಬೇಕಾದಷ್ಟು ಜಗಳವಿತ್ತು. ಹಾಡುಗಳನ್ನು ಮಾತ್ರ ಒಬ್ಬರದನ್ನು ಒಬ್ಬರು ಕೇಳದೆಯೇ ತೆಗೆದುಕೊಂಡರು, ಯಾರೂ ಬೇಡವೆನ್ನಲಿಲ್ಲ.

ನಮ್ಮ ಕೋಲಾರ ಸೀಮೆ ಇದರಲ್ಲಿ ಹಿಂದೆ ಬಿದ್ದಿಲ್ಲ. ಕೋಟಿಗಾನಹಳ್ಳಿ ರಾಮಯ್ಯನವರು ಹೋರಾಟಕ್ಕೆ ಹಾಡು ಕಟ್ಟಿಕೊಟ್ಟರು. ಪಿಚ್ಚಳ್ಳಿ ಶ್ರೀನಿವಾಸ್ ಅವರ ಕಂಠ ರಾಜ್ಯಕ್ಕೆಲ್ಲ ಕೇಳಿತು. ಕೋಲಾರದ ತೇರಹಳ್ಳಿ ಬೆಟ್ಟದ ಮೇಲೆ ರಾಮಯ್ಯನವರು ಮತ್ತು ಸಂಗಡಿಗರು ಕಟ್ಟಿದ 'ಆದಿಮ'ದಲ್ಲಿ ಹುಣ್ಣಿಮೆಯ ರಾತ್ರಿ ಹಾಡು, ನಾಟಕ ನಡೆದವು. ನಗರದ ರಂಗಮಂದಿರಕ್ಕೆ ಹೋಗಲಾರದವರಿಗೆ ಬೆಟ್ಟವೇ ರಂಗಮಂದಿರವಾಯಿತು.

ಈ ಸಂಚಿಕೆಯ ಓದುಗರಲ್ಲಿ ಹಲವರು ಕಣ್ಣಾರೆ ಕಂಡಿರುವುದು ಸಾಕ್ಷರತಾ ಜಾಥಾವನ್ನು. 1990ರ ಅಕ್ಟೋಬರ್ 2ರಿಂದ ನವೆಂಬರ್ 14ರವರೆಗೆ ದೇಶದ ಉದ್ದಗಲಕ್ಕೂ ಭಾರತ ಜ್ಞಾನ ವಿಜ್ಞಾನ ಜಾಥಾ ನಡೆಯಿತು. ಅದರ ಬೆನ್ನಲ್ಲೇ ಜಿಲ್ಲೆ ಜಿಲ್ಲೆಗಳಲ್ಲಿ ಸಾಕ್ಷರತಾ ಆಂದೋಲನ ಬಂತು. 1991ರ ಜನಗಣತಿಯ ಪ್ರಕಾರ ಕರ್ನಾಟಕದ ಸಾಕ್ಷರತೆ ಶೇ. 56, ಹೆಂಗಸರಲ್ಲಿ ಶೇ. 44 ಮಾತ್ರ. ಇಲ್ಲಿ ಸರ್ಕಾರವೇ ಹಾಡುವವರನ್ನು ಕಳಿಸಿತು ಎಂಬುದು ಗಮನಿಸಬೇಕಾದ ಮಾತು. ಚಳವಳಿಯಲ್ಲಿ ಪಳಗಿದ ಕಂಠಗಳೇ ಅಕ್ಷರದ ಹಾಡು ಹಾಡಿದವು.

ನಾನು ಆಗ ಕೆಲಸಕ್ಕೆ ಸೇರಿದ ಹೊಸತು, ರಜೆಗೆ ಊರಿಗೆ ಬಂದಿದ್ದೆ. ನಮ್ಮ ಶಾಲೆಯ ಮೈದಾನದಲ್ಲಿ ಕಲಾಜಾಥಾ ತಂಡದವರು ಸಂಜೆ ಗ್ಯಾಸ್ ಲೈಟ್ ಹಚ್ಚಿಕೊಂಡು ಹಾಡಿದರು. ಗಂಡಸರು ಮುಂದೆ ಕೂತಿದ್ದರು, ಹೆಂಗಸರು ದೂರದಲ್ಲಿ ಬೇಲಿ ಪಕ್ಕ ನಿಂತಿದ್ದರು. ಎರಡನೇ ಹಾಡಿನ ಸೊಲ್ಲು ಮೊದಲು ಎದ್ದದ್ದು ಆ ಬೇಲಿಯ ಕಡೆಯಿಂದ. ಮದುವೆಯ ಸೋಬಾನೆ ಬಿಟ್ಟು ನಾಲ್ಕು ಜನರ ಮುಂದೆ ಬಾಯಿ ಬಿಡದ ತಾಯಂದಿರು ಅವರು. ಮುಂದೆ ಕೆಲವು ತಿಂಗಳು ಇದೇ ಶಾಲೆಯ ಜಗುಲಿಯಲ್ಲಿ ರಾತ್ರಿ ಪಾಠ ನಡೆಯಿತು. ಅಲ್ಲಿ ಕಲಿತ ಒಬ್ಬ ಅಜ್ಜಿ ಪಡಿತರದ ಅಂಗಡಿಯ ಬೋರ್ಡು ಓದಿ, ಸೀಮೆಎಣ್ಣೆಗೆ ಬರೆದಿರುವ ದರ ಒಂದು, ತೆಗೆದುಕೊಳ್ಳುವ ದುಡ್ಡು ಇನ್ನೊಂದು ಏಕೆ ಎಂದು ಕೇಳಿದರು. ಸಾಲಿನಲ್ಲಿ ನಿಂತವರೆಲ್ಲ ಅವರ ಹಿಂದೆ ದನಿಗೂಡಿಸಿದರು. ಸೊಲ್ಲು ಹಿಡಿಯುವುದನ್ನು ಅವರು ಆಗಲೇ ಕಲಿತಿದ್ದರು. ಆ ಅಜ್ಜಿಯ ಮೊಮ್ಮಗಳು ಇದೇ ಶಾಲೆಯಲ್ಲಿ ಓದಿ ಇಂದು ನರ್ಸ್ ಆಗಿದ್ದಾಳೆ.

ಇಷ್ಟು ಹೇಳಿ ನಿಲ್ಲಿಸಿದರೆ ಚರಿತ್ರೆ ಬರೆದಂತಾಗುವುದಿಲ್ಲ, ಹೊಗಳಿಕೆ ಬರೆದಂತಾಗುತ್ತದೆ. ಹಾಡು ಎಲ್ಲವನ್ನೂ ಗೆಲ್ಲಲಿಲ್ಲ. 2000ದ ಮಾರ್ಚ್ 11ರಂದು ನಮ್ಮ ಆಗಿನ ಕೋಲಾರ ಜಿಲ್ಲೆಯ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಮನೆಗೆ ಬೆಂಕಿ ಹಚ್ಚಿ 7 ಮಂದಿ ದಲಿತರನ್ನು ಕೊಂದರು. 25 ವರ್ಷ ಹಾಡು ಕೇಳಿದ ನೆಲ ಇದು. 2006ರಲ್ಲಿ ಕೋರ್ಟು ಆರೋಪಿಗಳನ್ನೆಲ್ಲ ಬಿಡುಗಡೆ ಮಾಡಿತು. ಸಾಕ್ಷಿ ಹೇಳಬೇಕಾದ ಬಾಯಿಗಳು ಹೆದರಿಕೆಯಲ್ಲಿ ಮುಚ್ಚಿಕೊಂಡರೆ ಕಾಯಿದೆ ಏನೂ ಮಾಡಲಾರದು. ಗುಂಪಿನಲ್ಲಿ ಬರುವ ಧೈರ್ಯ ಸಾಕ್ಷಿ ಕಟ್ಟೆಯ ಒಂಟಿತನದವರೆಗೂ ನಮ್ಮ ಜೊತೆ ಬರಬೇಕಾದರೆ ಹಾಡಿನ ಜೊತೆಗೆ ಸಂಘಟನೆ ಬೇಕು, ವಿದ್ಯೆ ಬೇಕು, ಊರಿನ ಉಳಿದವರ ಬೆಂಬಲವೂ ಬೇಕು. ಹಾಡು ಬಾಗಿಲು ತೆರೆಯುತ್ತದೆ. ಒಳಗೆ ಹೋಗುವ ಕೆಲಸ ನಮ್ಮದು.

ಇನ್ನೊಂದು ನಷ್ಟ ಸದ್ದಿಲ್ಲದೆ ಆಯಿತು. ಹೋರಾಟದ ಹಾಡು ನಿಧಾನವಾಗಿ ಕಾರ್ಯಕ್ರಮದ ಹಾಡಾಯಿತು. ಗಣ್ಯರು ಬರುವುದು ತಡವಾದಾಗ ಹೊತ್ತು ಹೋಗಲೆಂದು ಹಾಡಿಸುವುದು, ಸರ್ಕಾರದ ಯೋಜನೆಯ ಪ್ರಚಾರಕ್ಕೆ ಅದೇ ಧಾಟಿಗೆ ಬೇರೆ ಮಾತು ತುಂಬಿಸುವುದು ಶುರುವಾಯಿತು. ಹಿಮ್ಮೇಳದಲ್ಲಿದ್ದ ಜನ ಮತ್ತೆ ಪ್ರೇಕ್ಷಕರಾದರು. ಈಗ ಗಣೇಶನ ಮೆರವಣಿಗೆಯಲ್ಲಿ ಡಿಜೆ ಬಂದಿದೆ. ಅದರ ಮುಂದೆ ಕುಣಿಯಬಹುದು, ಸೊಲ್ಲು ಹಿಡಿಯಲಾಗದು.

ಹಾಗೆಂದು ನಿರಾಶನಾಗಿ ಮುಗಿಸಲು ನನಗೆ ಕಾರಣವಿಲ್ಲ. ಚಿಕ್ಕಬಳ್ಳಾಪುರದ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಹೆಣದ ಮುಂದೆ ಮಾತ್ರ ಸಾಕೆಂದಿದ್ದ ವಾದ್ಯ ರಾಷ್ಟ್ರಪತಿ ಭವನದವರೆಗೆ ಹೋಗಿ ಬಂದಿದೆ. ನಮ್ಮ ಊರಿನ ಪ್ರಶ್ನೆ ಅಲ್ಲಿಂದ ಮುಂದೆ ಶುರುವಾಗುತ್ತದೆ. ನಮ್ಮ ಜಾತ್ರೆಯಲ್ಲಿ ತಮಟೆ ಬಾರಿಸುವವರು ಇಂದು ಎಲ್ಲಿ ನಿಲ್ಲುತ್ತಾರೆ? ಅವರಿಗೆ ಊಟ ಯಾವ ಪಂಕ್ತಿಯಲ್ಲಿ? ಪದ್ಮಶ್ರೀಗೆ ಚಪ್ಪಾಳೆ ತಟ್ಟಿದ ನಾವೆಲ್ಲ ಇದಕ್ಕೆ ಉತ್ತರ ಹೇಳಬೇಕು. 50 ವರ್ಷ ಒಂದೇ ಬೆಂಚಿನ ಮೇಲೆ ಎಲ್ಲ ಕೇರಿಯ ಮಕ್ಕಳನ್ನು ಕೂರಿಸಿದ ಶಾಲೆ ಇದು. ಬೆಂಚಿನ ಮೇಲೆ ಸಾಧ್ಯವಾದದ್ದು ಪಂಕ್ತಿಯಲ್ಲಿ ಏಕೆ ಸಾಧ್ಯವಾಗಬಾರದು?

ಕೊನೆಗೆ ಶಾಲೆಯ ಈಗಿನ ಗುರುಗಳಿಗೂ ಮಕ್ಕಳಿಗೂ ಒಂದು ಕೋರಿಕೆ. ಈ ಹಾಡುಗಳಲ್ಲಿ ಅಚ್ಚಾದವು ಕೆಲವು ಮಾತ್ರ. ನಮ್ಮೂರಲ್ಲೇ ಕಟ್ಟಿದ, ನಮ್ಮ ಕೆರೆಯ, ನಮ್ಮ ಕೂಲಿಯ, ನಮ್ಮ ಹೆಂಡದಂಗಡಿಯ ವಿರುದ್ಧದ ಪದಗಳು 60, 70 ದಾಟಿದವರ ನೆನಪಿನಲ್ಲಿ ಮಾತ್ರ ಇವೆ. 8 ಮತ್ತು 9ನೇ ತರಗತಿಯ ಮಕ್ಕಳಿಗೆ ಇದನ್ನೇ ಯೋಜನಾ ಕಾರ್ಯವಾಗಿ ಕೊಡಿ. ಒಬ್ಬೊಬ್ಬರು ಒಬ್ಬೊಬ್ಬ ಹಿರಿಯರ ಬಳಿ ಕೂತು ಒಂದು ಹಾಡು ಬರೆದುಕೊಳ್ಳಲಿ. ಯಾರು ಕಟ್ಟಿದ್ದು, ಯಾವ ಸಂದರ್ಭಕ್ಕೆ, ಯಾವ ಧಾಟಿಯಲ್ಲಿ ಎಂದು ಕೇಳಿ ತಿಳಿಯಲಿ. ಮೊಬೈಲಿನಲ್ಲಿ ದನಿ ಹಿಡಿದಿಡಲಿ. ಶಾಲೆಯ ಗ್ರಂಥಾಲಯದಲ್ಲಿ ಒಂದು ದಪ್ಪ ನೋಟುಪುಸ್ತಕ ಅದಕ್ಕಾಗಿ ಇರಲಿ, ಅದರ ಖರ್ಚು ನನ್ನದು. ಆಗಸ್ಟ್ 15ರ ಕಾರ್ಯಕ್ರಮದಲ್ಲಿ ಅದರಿಂದ ಒಂದು ಹಾಡನ್ನು ಎಲ್ಲ ತರಗತಿಯವರೂ ಸೇರಿ ಹಾಡಲಿ, ಕಟ್ಟಿದವರ ಹೆಸರು ಹೇಳಿ ಹಾಡಲಿ. ಹಲಗಲಿಯ ಹಾಡನ್ನು ಬರೆದಿಡಲು ಒಬ್ಬ ಪರದೇಶದ ಅಧಿಕಾರಿ ಬರಬೇಕಾಯಿತು. ನಮ್ಮೂರಿನ ಹಾಡನ್ನು ಬರೆದಿಡಲು ನಮ್ಮ ಮಕ್ಕಳಿದ್ದಾರೆ, ಅವರಿಗೆ ಅಕ್ಷರ ಕಲಿಸಿದ ಈ ಶಾಲೆಯಿದೆ.